ನಡುವೆ ಇಟ್ಟ ಹಾಳೆಗಳು

"ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಹಾಗೇ ಇರಿ, ಅಲ್ಲಾಡಬೇಡಿ... ಹ್ಞಾ, ಈಗ ಉಸಿರು ಬಿಡಿ."

ಬೆಳಗಿನಿಂದ ಸಂಜೆಯ ತನಕ ಎಕ್ಸ್‌ರೇ ಅಕ್ಕನ ಬಾಯಲ್ಲಿ ಇದೇ ಮಾತು. ಆಸ್ಪತ್ರೆಯ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಅವಳ ಕೆಲಸ. ಅಂಗಿ ಬಿಚ್ಚಿದ ರೋಗಿ ತಣ್ಣನೆಯ ಹಲಗೆಗೆ ಎದೆಯೊತ್ತಿ ನಿಲ್ಲಬೇಕು, ಅಕ್ಕ ದಪ್ಪ ಗಾಜಿನ ಹಿಂದೆ ಹೋಗಿ ಗುಂಡಿ ಒತ್ತಬೇಕು. ದೊಡ್ಡ ಡಾಕ್ಟರಿಂದ ಹಿಡಿದು ಗೇಟು ಕಾಯುವವನ ತನಕ ಎಲ್ಲರಿಗೂ ಅವಳು ಎಕ್ಸ್‌ರೇ ಅಕ್ಕ. ಅವಳಿಗಿಂತ ಹಿರಿಯರಾದ ಮುದುಕಿಯರೂ ಬಾಗಿಲಲ್ಲಿ ನಿಂತು "ಅಕ್ಕಾ, ನಂದು ಬೇಗ ತೆಗೆದುಬಿಡಮ್ಮ" ಅನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ಸೇರಿದವಳು ಈಗ ನಿವೃತ್ತಿಯ ಹತ್ತಿರ ಬಂದಿದ್ದಳು. ಅಷ್ಟು ಕಾಲ ಹೇಳಿ ಹೇಳಿ ಆ ಮಾತು ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು. ಗಂಡನ ಬೆರಳಿಗೆ ಚುಚ್ಚಿದ ಮರದ ಸಿಬಿರು ಕೀಳುವಾಗಲೂ "ಉಸಿರು ಹಿಡ್ಕೊಳ್ಳಿ" ಅಂದೇ ಕೀಳುವಳು.

ಇಂಥ ಅಕ್ಕನಿಗೆ ತಲೆಗೂದಲು ಬೆಳ್ಳಗಾದ ಮೇಲೆ ಫೋಟೊ ತೆಗೆಯುವ ಹುಚ್ಚು ಹತ್ತಿತು. ಹುಚ್ಚು ಅಂತ ಅಂದದ್ದು ಬೀದಿಯವರು. ಬೀದಿಯವರ ಬಾಯಿಗೇನು, ಅಕ್ಕಿ ಆರಿಸುತ್ತ ಕೂತರೆ ಯಾರ ಮನೆಯ ವಿಷಯ ಬೇಕಾದರೂ ಆದೀತು. ಅಸಲು ಸಂಗತಿ ಅವರಿಗೆ ಗೊತ್ತಿರಲಿಲ್ಲ.

ಅಕ್ಕನ ಗಂಡ ಬಡಗಿ. ಒಂದು ಕಾಲದಲ್ಲಿ ಒಳ್ಳೆಯ ಕೈ. ಬಾಗಿಲು, ಬೀರು, ಮಂಚ, ತೊಟ್ಟಿಲು, ಏನು ಕೊಟ್ಟರೂ ಸಿಳ್ಳೆ ಹಾಕುತ್ತ ಮಾಡಿ ಮುಗಿಸುತ್ತಿದ್ದ. ಸಿಳ್ಳೆ ಕೇಳಿಯೇ ಅವನು ಯಾರ ಮನೆಯಲ್ಲಿ ಕೆಲಸ ಮಾಡುತ್ತಿದ್ದಾನೆಂದು ಬೀದಿಗೆ ಗೊತ್ತಾಗುತ್ತಿತ್ತು. ಹೀಗೆ ಸಿಳ್ಳೆ ಹಾಕುತ್ತ ಹಾಕುತ್ತ ಒಳಗೆ ಎಳೆದುಕೊಂಡ ಮರದ ಪುಡಿ, ಅದರ ಮೇಲೆ ಬೇಡ ಬೇಡವೆಂದರೂ ಸೇದಿದ ಬೀಡಿ, ಎರಡೂ ಸೇರಿ ಎದೆಯಲ್ಲಿ ಮನೆ ಮಾಡಿದವು. ಈಗ ಮಂಚದಿಂದ ಕಿಟಕಿಯ ಬಳಿಯ ಕುರ್ಚಿಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲಬೇಕು. ಸಿಳ್ಳೆಯ ಮಾತೇ ಇಲ್ಲ.

ಅದಕ್ಕೂ ಮಿಗಿಲಾಗಿ ಅವನು ಟೀ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದ. ಬೀದಿಯ ತಿರುವಿನ ಆ ಅಂಗಡಿಯಲ್ಲಿ ಸಂಜೆಯ ಬೆಂಚು ಅವನದೇ. ನಗಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಒಂದು ದಿನ ಬೀರುವಿನೊಳಗೆ ಸಿಕ್ಕಿಹಾಕಿಕೊಂಡ ಮನೆ ಮಾಲೀಕನ ಕಥೆ ಹೇಳುತ್ತಿದ್ದವನಿಗೆ ನಡುವೆ ದಮ್ಮು ಹತ್ತಿತು. ನಿಂತ. ಬಾಯಿ ತೆರೆದೇ ಇದೆ, ಮಾತು ಬರುತ್ತಿಲ್ಲ. ಎದುರಿಗಿದ್ದವರು ಕಾಯಲಿಲ್ಲ, ಒಬ್ಬ "ಪಾಪ, ಕೂತ್ಕೊಳಪ್ಪ" ಅಂದ, ಇನ್ನೊಬ್ಬ ಉಳಿದ ಕಥೆಯನ್ನು ತಾನೇ ತಪ್ಪುತಪ್ಪಾಗಿ ಹೇಳಿ ಮುಗಿಸಿದ. ಬಡಗಿ ಲೋಟ ಕೆಳಗಿಟ್ಟು ಮನೆಗೆ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. "ದಮ್ಮು ಬೇಕಾದ್ರೆ ಇರಲಿ ಕಣೇ," ಅಂದಿದ್ದ ಹೆಂಡತಿಯ ಹತ್ತಿರ. "ಆ 'ಪಾಪ' ಅಂತಾರಲ್ಲ, ಅದು ಮಾತ್ರ ನನ್ನ ಕೈಲಿ ಆಗಲ್ಲ."

ಕೆಲವು ತಿಂಗಳಿಗೊಮ್ಮೆ ಅವನ ಎದೆಯ ಎಕ್ಸ್‌ರೇ ತೆಗೆಯುವವಳು ಅಕ್ಕನೇ. ಡಾಕ್ಟರು ನೋಡುವ ಮೊದಲು ಅವಳು ನೋಡುತ್ತಿದ್ದಳು. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದಕ್ಕಿಂತ ಒಂದು ಚಿತ್ರದಲ್ಲಿ ಬಿಳಿ ಹೆಚ್ಚುತ್ತಿತ್ತು. ಹಾಗೆ ಒಂದು ದಿನ ಚಿತ್ರ ತೆಗೆಸಿಕೊಂಡು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವನು ನಗೆಯಾಡಿದ:

"ನನ್ನ ಒಳಗಿನ ಫೋಟೊ ಬೇಕಾದಷ್ಟು ಇಟ್ಕೊಂಡಿದ್ದೀಯಲ್ಲ, ಹೊರಗಿನದು ಒಂದಾದ್ರೂ ಇದ್ಯಾ ನಿನ್ನ ಹತ್ರ?"

ತಮಾಷೆಗೆ ಅಂದದ್ದೇ. ಆದರೆ ಅಕ್ಕನಿಗೆ ಎದೆಯಲ್ಲಿ ಮುಳ್ಳು ಆಡಿಸಿದಂತಾಯಿತು. ಮನೆಗೆ ಬಂದು ಹುಡುಕಿದಳು. ಮದುವೆಯದೊಂದು ಇತ್ತು, ಅದರಲ್ಲಿ ಅವನು ಬೆದರಿದ ಕರುವಿನ ಹಾಗೆ ನಿಂತಿದ್ದ. ಗುರುತಿನ ಚೀಟಿಯಲ್ಲಿ ಒಂದು ಇತ್ತು, ಅದನ್ನು ನೋಡಿದರೆ ಯಾವ ಪೊಲೀಸಿನವನಾದರೂ ಹಿಡಿದು ಒಳಗೆ ಹಾಕಬೇಕು. ಇಷ್ಟೇ. ಜೊತೆಗೆ ಬಾಳಿದ ಮನುಷ್ಯನ ನಿಜವಾದ ಮುಖ, ಕಣ್ಣಲ್ಲಿ ತುಂಟತನ ಇಟ್ಟುಕೊಂಡ ಆ ಮುಖ, ಮನೆಯಲ್ಲಿ ಎಲ್ಲೂ ಇರಲಿಲ್ಲ. ಮುಂದೊಂದು ದಿನ ಅವಳು ಅದನ್ನು ಎಲ್ಲಿ ಹೋಗಿ ಹುಡುಕಬೇಕು? ಅವಳಿಗೆ ಬೇಕಾದದ್ದು ಆ ಒಂದೇ ಒಂದು ಫೋಟೊ. ಕಾಲ ಹೆಚ್ಚಿಲ್ಲ ಅನ್ನುವುದೂ ಅವಳಿಗೆ ಗೊತ್ತಿತ್ತು.

ಅಕ್ಕನ ತಮ್ಮ ಹೊಸ ಕ್ಯಾಮೆರಾ ಕೊಂಡು ಹಳೆಯದನ್ನು ಮೂಲೆಗೆ ಎಸೆದಿದ್ದ. ಅದನ್ನು ಕೇಳಿ ತಂದಳು. ಭಾನುವಾರ ಗ್ರಂಥಾಲಯದ ಹಿಂದಿನ ಹಾಲಿನಲ್ಲಿ ಫೋಟೊ ಮೇಷ್ಟ್ರು ಹೊಸಬರಿಗೆ ಪಾಠ ಮಾಡುತ್ತಾರೆಂದು ಕೇಳಿ ಅಲ್ಲಿಗೂ ಸೇರಿದಳು. ಮೊದಲ ದಿನ ಅಲ್ಲಿದ್ದ ಹುಡುಗ ಹುಡುಗಿಯರು ಯಾರದೋ ತಾಯಿ ಮಕ್ಕಳನ್ನು ಬಿಡಲು ಬಂದಿದ್ದಾರೆಂದು ತಿಳಿದು ಕುರ್ಚಿ ತಂದು ಕೊಟ್ಟರು.

ಮೇಷ್ಟ್ರು ಯಾವುದೋ ಪತ್ರಿಕೆಗೆ ಜೀವಮಾನವೆಲ್ಲ ಫೋಟೊ ತೆಗೆದು, ಮಂಡಿ ಕೈಕೊಟ್ಟ ಮೇಲೆ ಪಾಠಕ್ಕೆ ಇಳಿದವರು. ಮಾತು ಕಡಿಮೆ. ಚೆನ್ನಾಗಿಲ್ಲದ ಫೋಟೊ ಕಂಡರೆ ಬೈಯುತ್ತಿರಲಿಲ್ಲ. ಮೇಜಿನ ಮೇಲೆ ಮೆಲ್ಲಗೆ ಕವುಚಿ ಹಾಕುತ್ತಿದ್ದರು, ಅಷ್ಟೇ. ಬೈದಿದ್ದರಾದರೂ ತಡೆದುಕೊಳ್ಳಬಹುದಿತ್ತು. ಆ ಕವುಚಿ ಹಾಕುವುದನ್ನು ನೋಡಲಾರದೆ ಒಬ್ಬ ಹುಡುಗಿ ತರಗತಿಯನ್ನೇ ಬಿಟ್ಟಳಂತೆ. ಪಾಠ ಮುಗಿಯುವ ಹೊತ್ತಿಗೆ ಎಲ್ಲರೂ ತಾವು ತೆಗೆದ ಒಳ್ಳೆಯ ಫೋಟೊಗಳ ಕಟ್ಟನ್ನು, ಮೇಷ್ಟ್ರು ಪೋರ್ಟ್‌ಫೋಲಿಯೊ ಅನ್ನುತ್ತಿದ್ದ ಕಟ್ಟನ್ನು, ತಂದು ತೋರಿಸಬೇಕು. ಅದರಲ್ಲಿ ಮೇಷ್ಟ್ರ ಮನಸ್ಸಿಗೆ ಹಿಡಿಸಿದ್ದು ಪ್ರದರ್ಶನದಲ್ಲಿ ಗೋಡೆಗೆ ಹೋಗುತ್ತದೆ. ಒಬ್ಬರಿಗೆ ಒಂದೇ ಮೊಳೆ. ಅದು ಅವರ ಕಾನೂನು.

ಅಕ್ಕ ಕೈ ಪಳಗಲಿ ಎಂದು ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ ತೆಗೆದಳು. ಗೇಟು ಕಾಯುವವನು ಮೀಸೆ ತಿರುವಿ ನಿಂತ. ಕ್ಷೌರದಂಗಡಿಯವನು ಹೊಸ ಅಂಗಿ ಹಾಕಿಕೊಂಡು ಬಂದ. ಆಸ್ಪತ್ರೆಯ ದೊಡ್ಡ ನರ್ಸು "ನನ್ನ ಗಲ್ಲ ಎರಡಾಗಿ ಕಾಣದ ಹಾಗೆ ತೆಗಿ, ಇಲ್ಲಾಂದ್ರೆ ನಿನ್ನ ಜೊತೆ ಮಾತು ಬಿಡ್ತೀನಿ" ಎಂದು ಮೊದಲೇ ಎಚ್ಚರಿಕೆ ಕೊಟ್ಟಳು. ಪಕ್ಕದ ಮನೆಯ ಅಜ್ಜಿಯಂತೂ ಮೊಮ್ಮಗನ ಕಪ್ಪು ಕನ್ನಡಕ ಹಾಕಿಕೊಂಡೇ ಬರುತ್ತೇನೆಂದು ಹಟ ಹಿಡಿದು ಕೂತಳು.

ಎಲ್ಲರದೂ ಬಂತು. ಬಾರದೆ ಹೋದದ್ದು ಗಂಡನದು ಒಂದೇ. ಕಿಟಕಿಯ ಬಳಿ ಕೂರಿಸಿ, ಬೆಳಕು ನೋಡಿ, ಎಲ್ಲ ಸರಿ ಮಾಡಿ, ಇನ್ನೇನು ಒತ್ತಬೇಕು, ಅವನು ಕೆಮ್ಮಿಬಿಡುತ್ತಿದ್ದ. ಅಲ್ಲಾಡುತ್ತಿದ್ದ. ನಗುತ್ತಿದ್ದ. ತೆಗೆದದ್ದೆಲ್ಲ ಕಲಸಿಹೋಗುತ್ತಿತ್ತು. ಪ್ರಿಂಟು ಹಾಕುವ ಅಂಗಡಿಯವನೋ ಚೆನ್ನಾಗಿರುವುದು, ಕೆಟ್ಟದ್ದು ಎಂಬ ಭೇದವಿಲ್ಲದೆ ಎಲ್ಲವನ್ನೂ ಪ್ರಿಂಟು ಹಾಕಿ ಕೈಗಿಟ್ಟ. ಕೆಟ್ಟವನ್ನು ಎಸೆಯಲು ಅಕ್ಕ ಕಸದ ಬುಟ್ಟಿಯ ತನಕ ಹೋದಳು. ಎಷ್ಟೇ ಕೆಟ್ಟಿದ್ದರೂ ಗಂಡನ ಮುಖ. ಹಾಕಲು ಕೈ ಬರಲಿಲ್ಲ.

ಕೊನೆಗೆ ಅವಕ್ಕೂ ಒಂದು ಕೆಲಸ ಹುಡುಕಿದಳು. ಹಿಂದೆ ಎಕ್ಸ್‌ರೇ ಫಿಲ್ಮಿನ ಕಾಲದಲ್ಲಿ ಒಂದಕ್ಕೊಂದು ಅಂಟದಿರಲಿ, ಗೀರು ಬೀಳದಿರಲಿ ಎಂದು ಎರಡು ಫಿಲ್ಮಿನ ನಡುವೆ ಒಂದೊಂದು ಹಾಳೆ ಇಡುತ್ತಿದ್ದರು. ಆ ಅಭ್ಯಾಸ ಎಲ್ಲಿ ಹೋಗುತ್ತದೆ? ಮೇಷ್ಟ್ರಿಗೆ ತೋರಿಸಬೇಕಾದ ಕಟ್ಟನ್ನು ಜೋಡಿಸುವಾಗ ಗಂಡನ ಕೆಟ್ಟ ಫೋಟೊಗಳನ್ನು ಕವುಚಿ, ಎರಡೆರಡು ಒಳ್ಳೆಯ ಫೋಟೊಗಳ ನಡುವೆ ಒಂದೊಂದಾಗಿ ಇಟ್ಟಳು. ಎಲ್ಲವನ್ನೂ ಆಸ್ಪತ್ರೆಯ ಹಳೆಯ ದೊಡ್ಡ ಲಕೋಟೆಯೊಳಗೆ ಸೇರಿಸಿ, ಎದೆಗವಚಿಕೊಂಡು ಹೊರಟಳು.

"ಏನಮ್ಮಾ, ನನ್ನ ಎದೆ ಪರೀಕ್ಷೆ ಮಾಡ್ತೀರಾ?" ಲಕೋಟೆಯ ಮೇಲಿದ್ದ 'ಮಡಿಚಬೇಡಿ' ಎಂಬ ಅಕ್ಷರ ನೋಡಿ ಮೇಷ್ಟ್ರು ಕೇಳಿದರು. ಹಾಲಿನಲ್ಲಿದ್ದ ಹುಡುಗರು ನಕ್ಕರು. ಅಕ್ಕ ಲಕೋಟೆಯನ್ನು ಮೇಜಿನ ಮೇಲಿಟ್ಟಳು.

ಮೇಷ್ಟ್ರು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಹರಡಿದರು. ನಡುವೆ ಬಂದ ಬಿಳಿ ಬೆನ್ನಿನ ಹಾಳೆಗಳನ್ನು ನೋಡದೆ ಪಕ್ಕಕ್ಕೆ ಸರಿಸಿದರು. ಗೇಟಿನವನು, ಕ್ಷೌರದವನು, ನರ್ಸು, ಕನ್ನಡಕದ ಅಜ್ಜಿ. ಮೇಜಿನ ಸುತ್ತ ಒಂದು ಸುತ್ತು ಬಂದರು. ಕನ್ನಡಕದ ಕಡ್ಡಿ ಕಚ್ಚಿಕೊಂಡು ಇನ್ನೊಂದು ಸುತ್ತು ಬಂದರು.

"ಬೆಳಕು ಚೆನ್ನಾಗಿ ನೋಡಿದ್ದೀರಿ. ಎಲ್ಲಾ ಸ್ಪಷ್ಟವಾಗಿದೆ. ಮುಖ ಸರಿಯಾಗಿ ನಡುಮಧ್ಯೆ ಇದೆ, ಒಂದು ಕೂದಲೂ ಆಚೀಚೆ ಇಲ್ಲ," ಅಂದರು. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಅವರು ಕೇಳಿದರು: "ಆದ್ರೆ ಇವರೆಲ್ಲ ಯಾಕೆ ಹೀಗಿದ್ದಾರೆ?"

"ಹೇಗಿದ್ದಾರೆ ಸಾರ್?"

"ಭುಜ ನೋಡಿ."

ಅಕ್ಕ ಬಗ್ಗಿ ನೋಡಿದಳು. ಗೇಟಿನವನ ಭುಜ ಕಿವಿಯ ಹತ್ತಿರ ಹೋಗಿತ್ತು. ಕ್ಷೌರದವನ ಭುಜವೂ ಹಾಗೇ, ಕತ್ತಿನ ನರ ಉಬ್ಬಿತ್ತು. ನರ್ಸಿನ ಮೂಗಿನ ಹೊಳ್ಳೆ ಅರಳಿ ನಿಂತಿತ್ತು. ಅಜ್ಜಿಯ ಕೆನ್ನೆ ಬಿಗಿದು, ಈಗಲೋ ಆಗಲೋ ಬಾವಿಗೆ ಧುಮುಕುವವಳ ಹಾಗಿದ್ದಳು. ಒಬ್ಬರಲ್ಲ ಇಬ್ಬರಲ್ಲ, ಮೇಜಿನ ಮೇಲಿದ್ದವರೆಲ್ಲ ಹಾಗೇ.

"ಫೋಟೊ ತೆಗೆಯೋ ಮುಂಚೆ ಇವರಿಗೆ ಏನು ಹೇಳ್ತೀರಿ ನೀವು?" ಮೇಷ್ಟ್ರು ಕೇಳಿದರು.

ಅಕ್ಕ ಬಾಯಿ ತೆರೆದಳು. ಮಾತು ಹೊರಬರುವ ಮೊದಲೇ ತಲೆಗೆ ಹೊಳೆದುಬಿಟ್ಟಿತು. ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಬೀಳಲಿ ಅಂದುಕೊಂಡಳು.

"ಉಸಿರು ಹಿಡ್ಕೊಳ್ಳಿ ಅಂತೀನಿ ಸಾರ್," ಅಂದಳು ಸಣ್ಣ ದನಿಯಲ್ಲಿ.

ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಅಕ್ಕನೂ ನಕ್ಕಳು, ನಗದೆ ಇನ್ನೇನು ಮಾಡುವುದು. ಅಷ್ಟು ಜನರನ್ನು ಗೋಗರೆದು ನಿಲ್ಲಿಸಿ, ಬಿಸಿಲಲ್ಲಿ ಬೇಯಿಸಿ, ಕೊನೆಗೆ ಎಲ್ಲರ ಎದೆಯ ಎಕ್ಸ್‌ರೇ ತೆಗೆಯುವವಳ ಹಾಗೆಯೇ ತೆಗೆದಿದ್ದಳು. ಮೇಷ್ಟ್ರು ನಗಲಿಲ್ಲ. ಗೇಟಿನವನನ್ನು ಎತ್ತಿ ಮೆಲ್ಲಗೆ ಕವುಚಿ ಹಾಕಿದರು. ಆಮೇಲೆ ಕ್ಷೌರದವನನ್ನು. ಆಮೇಲೆ ನರ್ಸನ್ನು. ಮೇಜು ಪೂರ್ತಿ ಬಿಳಿಯಾಯಿತು. ಅಕ್ಕನ ನಗು ಎಲ್ಲೋ ನಿಂತುಹೋಗಿತ್ತು. ಇವರ ಮುಖವನ್ನೇ ಹಿಡಿಯಲು ಬಾರದವಳು ಮನೆಯವರ ಮುಖ ಹೇಗೆ ಹಿಡಿದೇನು ಅಂದುಕೊಂಡಳು.

ಅವಳು ಅವಸರವಸರವಾಗಿ ಎಲ್ಲವನ್ನೂ ಬಾಚಿ ಲಕೋಟೆಗೆ ತುಂಬತೊಡಗಿದಳು. ಆಗ ಬಿಳಿ ಹಾಳೆಗಳಲ್ಲಿ ಒಂದು ಜಾರಿ ನೆಲಕ್ಕೆ ಬಿದ್ದು ಮಗುಚಿಕೊಂಡಿತು. ಮೇಷ್ಟ್ರು ಮಂಡಿ ಹಿಡಿದುಕೊಂಡೇ ಬಗ್ಗಿ ಎತ್ತಿದರು.

"ಇದೇನಿದು?"

"ಅದು ಹಾಳೆ ಸಾರ್, ಅಂಟಿಕೊಳ್ಳಬಾರದು ಅಂತ ನಡುವೆ ಇಟ್ಟಿದ್ದು. ಕೆಟ್ಟುಹೋಗಿರೋದು, ಕೊಡಿ ಇಲ್ಲಿ."

ಅವರು ಕೊಡಲಿಲ್ಲ. ಪಕ್ಕಕ್ಕೆ ಸರಿಸಿದ್ದ ಬಿಳಿ ಹಾಳೆಗಳನ್ನೆಲ್ಲ ಒಂದೊಂದಾಗಿ ಮಗುಚಿ ನೋಡಿದರು. ಒಂದರಲ್ಲಿ ಬಡಗಿ ಹೆಂಡತಿ ಹೇಳಿದಂತೆ ಎದೆಯುಬ್ಬಿಸಿ ಕೂತಿದ್ದ, ಕಣ್ಣು ಮಾತ್ರ ಆಗಲೇ ನಗುತ್ತಿತ್ತು. ಇನ್ನೊಂದರಲ್ಲಿ ಕೆನ್ನೆ ಊದಿ, ಹುಬ್ಬು ಮೇಲೇರಿತ್ತು. ಮುಂದಿನದರಲ್ಲಿ ಉಸಿರು ಕೈಬಿಟ್ಟು ಬಾಯಿ ತೆರೆದುಕೊಂಡಿತ್ತು, ಮೇಲೆತ್ತಿದ ಕೈಯ ಬೆರಳುಗಳು ಕಲಸಿಹೋಗಿದ್ದವು. ಅದರ ಮುಂದಿನದರಲ್ಲಿ ಮುಖವೇ ಇಲ್ಲ. ಕೆಮ್ಮಿ ಬಗ್ಗಿದವನ ನೆತ್ತಿ, ವಿರಳವಾದ ಕೂದಲು, ಅದರ ಮೇಲೆ ಕಿಟಕಿಯ ಬೆಳಕು. ಕೊನೆಯದರಲ್ಲಿ ಅವನು ಸುಸ್ತಾಗಿ ಕುರ್ಚಿಗೆ ಒರಗಿದ್ದ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ತುಟಿ ಬಿರಿದು, ಕ್ಯಾಮೆರಾ ಹಿಡಿದವಳನ್ನು ನೋಡಿ ನಗುತ್ತ ಏನನ್ನೋ ಹೇಳಲು ಹೊರಟಿದ್ದ.

ಮೇಷ್ಟ್ರು ಆ ಸಾಲಿನ ಮುಂದೆ ಬಹಳ ಹೊತ್ತು ನಿಂತರು. ಒಂದನ್ನೂ ಕವುಚಲಿಲ್ಲ.

"ಯಾರಿವರು?"

"ನಮ್ಮ ಮನೆಯವರು. ಅವರಿಗೆ ಉಸಿರು ಹಿಡಿಯೋಕೆ ಆಗಲ್ಲ ಸಾರ್. ಎದೆ ತೊಂದರೆ. ನಾನು ಅಭ್ಯಾಸಬಲದಿಂದ ಹಿಡೀರಿ ಅಂತೀನಿ, ಅವರು ಪಾಪ... ಛೆ, ಪಾಪ ಅಂದ್ರೆ ಅವರಿಗಾಗಲ್ಲ. ನಾನು ಹೇಳ್ದೆ ಅಂತ ಹಿಡಿಯೋಕೆ ನೋಡ್ತಾರೆ. ಆಗಲ್ಲ."

"ಕೊನೇದರಲ್ಲಿ ಏನೋ ಹೇಳ್ತಿದ್ದಾರಲ್ಲ, ಏನದು?"

ಅಕ್ಕನಿಗೆ ನೆನಪಿತ್ತು. "'ಈ ಸಲಾನೂ ಕೆಡಿಸಿಬಿಟ್ನಾ?' ಅಂತ ಕೇಳಿದ್ರು."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. "ಕೆಡಿಸಿಲ್ಲ ಅಂತ ಹೇಳಿ ಅವರಿಗೆ," ಅಂದರು. "ಇಷ್ಟು ದಿನ ನೀವು ತೆಗೆದಿರೋ ಫೋಟೊ ಅಂದ್ರೆ ಇವೇ. ಬೆರಳು ಕಲಸಿದ್ರೆ ಕಲಸಲಿ, ಕೈ ಮೇಲೆ ಹೋಗ್ತಾ ಇತ್ತು, ಅದಕ್ಕೇ ಕಲಸಿದೆ. ಅಕ್ಕ, ಈ ಐದೂ ಗೋಡೆಗೆ ಹೋಗಬೇಕು."

"ಒಬ್ಬರಿಗೆ ಒಂದೇ ಮೊಳೆ ಅಂದಿದ್ರಲ್ಲ?"

"ಒಂದೇ ಮೊಳೆ. ಐದನ್ನೂ ಒಂದೇ ಉದ್ದನೆ ಫ್ರೇಮಿನಲ್ಲಿ ಹಾಕಿಸ್ಕೊಂಡು ಬನ್ನಿ."

ದಾರಿಯುದ್ದಕ್ಕೂ ಅಕ್ಕನ ಕಾಲು ನೆಲದ ಮೇಲೆ ಇರಲಿಲ್ಲ. ಹುಡುಕಿದ್ದು ತನ್ನ ಲಕೋಟೆಯೊಳಗೇ ಕವುಚಿಕೊಂಡು ಮಲಗಿತ್ತಲ್ಲ! ಮನೆಯ ಬಾಗಿಲು ಹತ್ತಿರವಾದಾಗ ಮಾತ್ರ ಹೆಜ್ಜೆ ನಿಧಾನವಾಯಿತು. ದಮ್ಮು ಯಾರಿಗೂ ಕಾಣಬಾರದೆಂದು ಬೀದಿಗೇ ಇಳಿಯದ ಮನುಷ್ಯ. ಅವನ ದಮ್ಮನ್ನೇ ಗೋಡೆಗೆ ಹಾಕುತ್ತೇನೆಂದು ಯಾವ ಬಾಯಲ್ಲಿ ಕೇಳುವುದು?

"ಏನಂದ್ರು ನಿಮ್ಮ ಮೇಷ್ಟ್ರು? ಪಾಸೋ ಫೇಲೋ?" ಬಡಗಿ ಕಿಟಕಿಯ ಬಳಿಯಿಂದಲೇ ಕೇಳಿದ.

ಅಕ್ಕ ಭುಜದ ಕಥೆ ಹೇಳಿದಳು. ಅವನು ನಕ್ಕ ನಗೆಗೆ ಕುರ್ಚಿ ಅಲ್ಲಾಡಿತು. "ಊರವರಿಗೆಲ್ಲಾ ದಮ್ಮು ಕಟ್ಟಿಸಿಬಿಟ್ಟೆಯಲ್ಲೇ! ಆ ಅಜ್ಜಿ... ಅಜ್ಜಿ ಉಳಿದಿದ್ದೇ ಹೆಚ್ಚು!" ಎಂದು ನಕ್ಕು, ಕೆಮ್ಮಿ, ನೀರು ಕುಡಿದು ಮತ್ತೆ ನಕ್ಕ. ಅವನನ್ನು ಅಷ್ಟು ಖುಷಿಯಾಗಿ ನೋಡಿ ಬಹಳ ದಿನವಾಗಿತ್ತು. ಅದೇ ಧೈರ್ಯದಲ್ಲಿ ಅಕ್ಕ ಐದೂ ಫೋಟೊಗಳನ್ನು ಅವನ ಮುಂದೆ ಹರಡಿ, ಮೇಷ್ಟ್ರು ಅಂದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ಅವನ ನಗು ಇಳಿಯಿತು.

"ಇವನ್ನ ಇನ್ನೂ ಇಟ್ಕೊಂಡಿದ್ಯಾ?"

"ಬಿಸಾಕೋಕೆ ಮನಸ್ಸು ಬರಲಿಲ್ಲ ರೀ."

"ನಾನು ಟೀ ಅಂಗಡಿ ಯಾಕೆ ಬಿಟ್ಟೆ ಅಂತ ನಿನಗೆ ಗೊತ್ತು. ಅಲ್ಲಿ ನಾಲ್ಕು ಜನ ಪಾಪ ಅಂದ್ರು. ಇದನ್ನ ಗೋಡೆಗೆ ಹಾಕಿದ್ರೆ ಊರಿಗೆ ಊರೇ ಅನ್ನುತ್ತೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅಕ್ಕನಿಗೆ ವಾಸಿಯಿತ್ತು. "ಬೇಡ ಕಣೇ."

"ಬೇಡ ಅಂದ್ರೆ ಬೇಡ ಬಿಡಿ. ನಾನು ತೆಗೆದಿದ್ದು ಗೋಡೆಗೆ ಅಂತ ಅಲ್ಲ," ಅಂದಳು ಅಕ್ಕ. ಅಂದವಳು ಅಲ್ಲಿಗೇ ನಿಲ್ಲಿಸಬೇಕೆಂದಿದ್ದಳು, ಆಗಲಿಲ್ಲ. "ನನಗೆ ಬೇಕಿತ್ತು ರೀ. ನಾನು ದಿನಾ ನೋಡೋ ಮುಖ ಇದು. ನೀವು ಮುಂಚೆ ಹೇಗಿದ್ರಿ ಅಂತ ಬೇಡ ನನಗೆ. ಹೀಗೆ ಕೆಮ್ಮಿ, ನಕ್ಕು, ನನ್ನನ್ನೇ ಕಾಡಿಸ್ತೀರಲ್ಲ, ಈ ನೀವೇ ಬೇಕು. ನಾಳೆ ನನ್ನ ಹತ್ರ ಬರೀ ನಿಮ್ಮ ಎಲುಬಿನ ಫೋಟೊ ಉಳಿದ್ರೆ ನಾನು ಏನು ಮಾಡ್ಲಿ ಹೇಳಿ?"

ಅಷ್ಟು ದಿನ ಇಬ್ಬರೂ ಆಡದೆ ಇಟ್ಟಿದ್ದ ಮಾತು ಅದು. ಬಡಗಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ಅಕ್ಕ ಫೋಟೊಗಳನ್ನು ಮೇಜಿನ ಡ್ರಾಯರಿನಲ್ಲಿಟ್ಟು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಮರುದಿನ ಆಸ್ಪತ್ರೆಯಿಂದಲೇ ಮೇಷ್ಟ್ರಿಗೆ ಫೋನು ಮಾಡಿ ಆಗುವುದಿಲ್ಲ ಎಂದಳು. ಮೇಷ್ಟ್ರು ಒತ್ತಾಯ ಮಾಡಲಿಲ್ಲ. "ಮೊಳೆ ಹೊಡೆದಾಗಿದೆ. ಖಾಲಿ ಇರುತ್ತೆ, ಇರಲಿ," ಅಂದರು.

ಅದಾಗಿ ಕೆಲವು ದಿನ ಮನೆಯಲ್ಲಿ ಮಾತು ಬೇಕಾದಷ್ಟೇ. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಹ್ಞೂ. ಒಂದು ಸಂಜೆ ಕೆಲಸ ಮುಗಿಸಿ ಬಂದ ಅಕ್ಕ ಬಾಗಿಲಲ್ಲೇ ನಿಂತಳು. ಮರದ ವಾಸನೆ. ಮಂಚದ ಕೆಳಗೆ ಧೂಳು ತಿನ್ನುತ್ತಿದ್ದ ಉಳಿ, ಕರಗಸ, ಮರ ನಯಮಾಡುವ ತೋಪಡ, ಎಲ್ಲ ಹೊರಗೆ ಬಂದಿದ್ದವು. ಮೂಗು ಬಾಯಿಗೆ ಒದ್ದೆ ಟವೆಲು ಕಟ್ಟಿಕೊಂಡ ಬಡಗಿ ಉದ್ದನೆಯ ಮರದ ಪಟ್ಟಿಯ ಮೇಲೆ ತೋಪಡ ಎಳೆಯುತ್ತಿದ್ದ. ಒಂದು ಸಲ ಎಳೆದು ಸುಧಾರಿಸಿಕೊಳ್ಳುವುದು, ಮತ್ತೆ ಒಂದು ಸಲ ಎಳೆಯುವುದು.

"ಬುದ್ಧಿ ನೆಟ್ಟಗಿದೆಯಾ ನಿಮಗೆ?" ಅಕ್ಕ ಕೂಗಿಕೊಂಡಳು. "ಮರದ ಪುಡಿ ಕಣ್ಣಲ್ಲೂ ನೋಡಬೇಡಿ ಅಂತ ಡಾಕ್ಟ್ರು ಬಡ್ಕೊಂಡಿಲ್ವಾ?"

"ಕಿಟಕಿ ತೆಗೆದಿದ್ದೀನಿ. ಒದ್ದೆ ಬಟ್ಟೆ ಕಟ್ಟಿದ್ದೀನಿ. ಕಿರುಚಬೇಡ." ಅವನು ಟವೆಲು ಕೆಳಗಿಳಿಸಿದ. "ಉಜ್ಜೋ ಕೆಲಸ ಇಲ್ಲ, ಇದೇ ಕೊನೆ. ಇನ್ನು ಮೂಲೆ ಸೇರಿಸೋದು ಅಷ್ಟೇ."

"ಏನು ಮಾಡ್ತಾ ಇದ್ದೀರಿ?"

"ಕಾಣಲ್ವಾ? ಚೌಕಟ್ಟು."

ಅಕ್ಕ ನೋಡಿದಳು. ಐದು ಮನೆಗಳಿರುವ ಒಂದೇ ಉದ್ದನೆಯ ಚೌಕಟ್ಟು. ಡ್ರಾಯರಿನಲ್ಲಿಟ್ಟಿದ್ದ ಫೋಟೊಗಳು ಅಳತೆಗೆಂದು ಮಂಚದ ಮೇಲೆ ಸಾಲಾಗಿ ಕೂತಿದ್ದವು. ಅವಳು ಅವನ ಪಕ್ಕ ನೆಲದ ಮೇಲೆ ಕುಳಿತಳು. ಅವನು ಉಸಿರು ಹದಕ್ಕೆ ಬರಲೆಂದು ಸ್ವಲ್ಪ ಕಾದ.

"ನೀನಿಲ್ಲದಾಗ ತೆಗೆದು ನೋಡ್ದೆ. ಮೊದಲು ನನ್ನ ದಮ್ಮೇ ಕಾಣ್ತು, ಸಿಟ್ಟು ಬಂತು. ಆಮೇಲೆ ಕೊನೇದು ನೋಡ್ದೆ. ಇವನು ಯಾರನ್ನ ನೋಡಿ ಹೀಗೆ ನಗ್ತಿದ್ದಾನೆ ಅಂತ ಯೋಚ್ನೆ ಮಾಡ್ದೆ." ನಿಲ್ಲಿಸಿದ. ಅಕ್ಕ ಕಾದಳು. "ನಿನ್ನನ್ನ ನಾನು ಹೀಗೆ ನೋಡ್ತೀನಿ ಅಂತ ನನಗೇ ಗೊತ್ತಿರಲಿಲ್ಲ ಕಣೇ."

ಅಕ್ಕ ಸೆರಗು ಬಾಯಿ ಮೇಲೆ ಇಟ್ಟುಕೊಂಡಳು. ಅವಳಿಗೆ ಅಳು ಬಂದೇ ಬಂತು, ತಡೆಯಲೂ ಹೋಗಲಿಲ್ಲ.

"ಅಳು ಆಮೇಲೆ. ಈ ಮೂಲೆ ಬಿಗಿಯಾಗಿ ಹಿಡ್ಕೋ," ಅಂದ ಬಡಗಿ. "ಯಾವನೋ ಪ್ಲಾಸ್ಟಿಕ್ ಫ್ರೇಮು ಹಾಕಿ ಕೊಟ್ರೆ ನನ್ನ ಮರ್ಯಾದೆ ಏನಾಗಬೇಕು? ಮತ್ತೆ ಕೇಳು. ನಾನೂ ಬರ್ತೀನಿ ಅಲ್ಲಿಗೆ. ಪಾಪ ಅನ್ನೋರು ನನ್ನ ಎದುರಿಗೇ ಅನ್ನಲಿ."

ಪ್ರದರ್ಶನದ ದಿನ ಆಟೊದಿಂದ ಇಳಿದು ಗ್ರಂಥಾಲಯದ ಮೆಟ್ಟಿಲು ಹತ್ತಲು ಬಡಗಿಗೆ ಎಷ್ಟು ಹೊತ್ತು ಬೇಕಾಯಿತೋ ಅಷ್ಟು ಹೊತ್ತೂ ಅಕ್ಕ ಕೈಯನ್ನು ಅವನ ಮೊಣಕೈ ಹತ್ತಿರ ಇಟ್ಟುಕೊಂಡೇ ಹತ್ತಿದಳು. ಮುಟ್ಟಲಿಲ್ಲ, ಮುಟ್ಟಿದರೆ ಅವನಿಗಾಗದು. ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆ ಬಾಚಿ ಬಂದಿದ್ದ. ಒಳಗೆ ಮೇಷ್ಟ್ರು ಎದ್ದು ಬಂದು ಅವನ ಕೈ ಹಿಡಿದು, ಫೋಟೊಗಳ ಬಗ್ಗೆ ಬಿಟ್ಟು ಚೌಕಟ್ಟಿನ ಮೂಲೆಯ ಬಗ್ಗೆಯೇ ಮಾತಾಡಿದರು. ಬಡಗಿಗೆ ಮೇಷ್ಟ್ರು ಹಿಡಿಸಿಬಿಟ್ಟರು.

ಅಷ್ಟರಲ್ಲಿ ಬೀದಿಯೇ ಬಂದಿಳಿಯಿತು. ಕ್ಷೌರದವನು ಗೋಡೆಯಿಂದ ಗೋಡೆಗೆ ಹುಡುಕಿ, "ನನ್ನದೆಲ್ಲಿ ಅಕ್ಕಾ? ಹೊಸ ಅಂಗಿ ಹಾಕ್ಕೊಂಡು ನಿಂತಿದ್ನಲ್ಲ!" ಎಂದು ಮುಖ ಊದಿಸಿದ. ನರ್ಸು ತನ್ನದು ಇಲ್ಲವೆಂದು ತಿಳಿದು ನೆಮ್ಮದಿಯಾಗಿದ್ದಳು. ಟೀ ಅಂಗಡಿಯವನೂ ಅಂಗಡಿ ಮುಚ್ಚಿ ಬಂದಿದ್ದ. ಒಬ್ಬೊಬ್ಬರಾಗಿ ಎಲ್ಲರೂ ಆ ಉದ್ದನೆಯ ಚೌಕಟ್ಟಿನ ಮುಂದೆ ಸೇರಿದರು.

ಬಡಗಿ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತಿದ್ದ. ಕೈಗಳನ್ನು ಮಂಡಿಯ ಮೇಲೆ ಬಿಗಿಯಾಗಿ ಊರಿದ್ದ. ಅಕ್ಕ ಎದುರಿನ ಕಂಬಕ್ಕೆ ಒರಗಿ ಅವರ ಮುಖಗಳನ್ನೇ ನೋಡಿದಳು. ಯಾರ ಬಾಯಿಂದ ಬರುತ್ತದೆ ಆ ಮಾತು? ನರ್ಸಿನ ಬಾಯಿಂದಲೋ, ಅಜ್ಜಿಯ ಬಾಯಿಂದಲೋ? ಒಬ್ಬರು ಅಂದರೂ ಸಾಕು, ಅವನು ಮತ್ತೆ ಆ ಕಿಟಕಿಯ ಬಳಿ ಹೋಗಿ ಕೂತುಬಿಡುತ್ತಾನೆ, ಇನ್ನು ಏಳುವುದಿಲ್ಲ. ಅವನನ್ನು ಇಲ್ಲಿಗೆ ಕರೆತಂದವಳು ತಾನು.

ಟೀ ಅಂಗಡಿಯವನು ಮೊದಲ ಫೋಟೊದಿಂದ ಶುರು ಮಾಡಿ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತ ಬಂದ. ಕೊನೆಯದರ ಮುಂದೆ ನಿಂತ. ತಲೆ ಓರೆ ಮಾಡಿ ನೋಡಿದ. ಅವನ ಮುಖದಲ್ಲಿ ನಗು ಹರಡಿತು.

"ಈ ಮುಖ ನನಗೆ ಗೊತ್ತಿಲ್ವಾ? ಇದು ಜೋಕು ಹೇಳೋಕೆ ಮುಂಚಿನ ಮುಖ!" ಎಂದು ಬಡಗಿಯ ಕಡೆ ತಿರುಗಿದ. "ಏನಯ್ಯಾ, ಬೀರು ಒಳಗೆ ಸಿಕ್ಕಿಹಾಕ್ಕೊಂಡವನನ್ನ ಅಲ್ಲೇ ಬಿಟ್ಟು ಹೋದ್ಯಲ್ಲ ಅವತ್ತು! ಆಮೇಲೆ ಕಥೆ ಮುಗಿಸಿದವನು ಹೇಳಿದ್ದು ಸರಿ ಇಲ್ಲ ಅಂತ ಆವಾಗ್ಲೇ ಅನ್ನಿಸ್ತು. ಹೇಳು ಈಗ. ನಿಧಾನಕ್ಕೆ ಹೇಳು, ನಾವು ಕಾಯ್ತೀವಿ."

ಬಡಗಿ ಬಾಯಿ ತೆರೆದ. ಕಥೆ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಶುರು ಮಾಡುವ ಮುನ್ನ ಅವನ ಕಣ್ಣು ಕಂಬದ ಬಳಿ ಹೋಯಿತು. ಅಲ್ಲಿ ಅವನ ಹೆಂಡತಿ ಭುಜವನ್ನು ಕಿವಿಯ ತನಕ ಏರಿಸಿ, ಕೆನ್ನೆ ಬಿಗಿದು, ಅಲ್ಲಾಡದೆ ನಿಂತಿದ್ದಳು.

"ಹ್ಞಾ," ಅಂದ ಅವನು, ಥೇಟು ಅವಳದೇ ದನಿಯಲ್ಲಿ. "ಈಗ ಉಸಿರು ಬಿಡಿ."

ಅಕ್ಕ ಬಿಟ್ಟಳು.